ಹನ್ನೆರಡು ಅಂಕಗಳ ಎರಡು ಪಂದ್ಯಗಳು: ಐರ್ಲೆಂಡಿನ ಶಿಕ್ಷಕ-ಕ್ರೀಡಾಪಟು ಪೀಟರ್ ಕ್ಯಾನವನ್

ಪೀಠಿಕೆ

ಶ್ರೀಮಠದ ಆಶ್ರಯದಲ್ಲಿ ನಡೆಯುವ ವಿದ್ಯಾಸಂಸ್ಥೆಯ ಸ್ಮರಣ ಸಂಚಿಕೆಯಲ್ಲಿ ಐರ್ಲೆಂಡ್ ದ್ವೀಪದ ಚೆಂಡಾಟಗಾರರೊಬ್ಬರನ್ನು ಕುರಿತು ಲೇಖನವೇಕೆ ಎಂಬ ಪ್ರಶ್ನೆ ವಾಚಕರ ಮನಸ್ಸಿನಲ್ಲಿ ಏಳುವುದು ಸಹಜ. ಈ ಪ್ರಶ್ನೆಗೆ ಮೂರು ಉತ್ತರಗಳಿವೆ. ಮೊದಲನೆಯದು, ಇಲ್ಲಿ ಪ್ರಸ್ತಾಪಿಸಲಿರುವ ಪೀಟರ್ ಕ್ಯಾನವನ್ ಅವರು ವೃತ್ತಿಯಿಂದ ಶಾಲಾ ಶಿಕ್ಷಕರಾಗಿದ್ದರು. ದೈಹಿಕ ಶಿಕ್ಷಣವನ್ನು ಬೋಧಿಸುತ್ತಲೇ ತಮ್ಮ ದೇಶದ ಅತ್ಯುನ್ನತ ಕ್ರೀಡಾ ಗೌರವವನ್ನು ಗಳಿಸಿದವರು. ಎರಡನೆಯದು, ಅವರು ಆಡಿದ ಗೇಲಿಕ್ ಫುಟ್‌ಬಾಲ್ ಎಂಬ ಆಟದಲ್ಲಿ ಆಟಗಾರನಿಗೆ ಸಂಬಳವಿಲ್ಲ. ಎಂಬತ್ತು ಸಾವಿರ ಪ್ರೇಕ್ಷಕರ ಮುಂದೆ ಭಾನುವಾರ ಆಡಿದವನು ಸೋಮವಾರ ಬೆಳಿಗ್ಗೆ ತನ್ನ ತರಗತಿಗೋ ಹೊಲಕ್ಕೋ ಕಚೇರಿಗೋ ಮರಳುತ್ತಾನೆ. ಮೂರನೆಯದು ಎಲ್ಲಕ್ಕಿಂತ ಮುಖ್ಯವಾದುದು. ಅವರ ಬಾಳಿನಲ್ಲಿ ಒಂದೇ ಮೈದಾನದಲ್ಲಿ, ಒಂದೇ ಪ್ರಶಸ್ತಿಗಾಗಿ ನಡೆದ ಎರಡು ಅಂತಿಮ ಪಂದ್ಯಗಳಿವೆ. ಎರಡರಲ್ಲಿಯೂ ಅವರ ತಂಡ ಗಳಿಸಿದ್ದು ಸರಿಯಾಗಿ ಹನ್ನೆರಡು ಅಂಕ. ಒಂದರಲ್ಲಿ ಸೋಲು, ಇನ್ನೊಂದರಲ್ಲಿ ಗೆಲುವು. ಈ ಎರಡು ಹನ್ನೆರಡುಗಳ ನಡುವಣ ವ್ಯತ್ಯಾಸದಲ್ಲಿ ಶಾಲೆ ನಡೆಸುವವರೆಲ್ಲರೂ ವಿಚಾರ ಮಾಡಬೇಕಾದ ಪಾಠವೊಂದು ಅಡಗಿದೆ.

ಆಟ ಮತ್ತು ಅದರ ಸಂಸ್ಥೆ

ಮೊದಲು ಆಟದ ಪರಿಚಯ ಅವಶ್ಯ. ಗೇಲಿಕ್ ಫುಟ್‌ಬಾಲ್ ನಮಗೆ ಪರಿಚಿತವಾದ ಕಾಲ್ಚೆಂಡಿನ ಆಟವಲ್ಲ. ಪ್ರತಿ ತಂಡದಲ್ಲಿ 15 ಜನ. ಚೆಂಡನ್ನು ಕೈಯಲ್ಲಿ ಹಿಡಿಯಬಹುದು, ಆದರೆ ನಾಲ್ಕು ಹೆಜ್ಜೆಗಳಿಗಿಂತ ಹೆಚ್ಚು ಹೊತ್ತೊಯ್ಯುವಂತಿಲ್ಲ. ಅಷ್ಟರೊಳಗೆ ನೆಲಕ್ಕೆ ಪುಟಿಸಬೇಕು, ಇಲ್ಲವೇ ಓಡುತ್ತಲೇ ಪಾದದ ತುದಿಯಿಂದ ಚಿಮ್ಮಿಸಿ ಮತ್ತೆ ಕೈಗೆ ತಂದುಕೊಳ್ಳಬೇಕು. ನೆಲದ ಮೇಲೆ ಬಿದ್ದ ಚೆಂಡನ್ನು ನೇರವಾಗಿ ಕೈಯಿಂದ ಎತ್ತಿಕೊಳ್ಳಬಾರದು. ಕಾಲಿನಿಂದ ಮೇಲಕ್ಕೆ ಎಬ್ಬಿಸಿಯೇ ಹಿಡಿಯಬೇಕು. ಮೈದಾನದ ಎರಡೂ ತುದಿಗಳಲ್ಲಿ ಎರಡು ಎತ್ತರದ ಕಂಬಗಳು, ಅವುಗಳ ನಡುವೆ ಒಂದು ಅಡ್ಡಪಟ್ಟಿ, ಅದರ ಕೆಳಗೆ ಬಲೆ. ಅಡ್ಡಪಟ್ಟಿಯ ಮೇಲಿನಿಂದ ಚೆಂಡು ಹಾದುಹೋದರೆ ಒಂದು ಅಂಕ; ಬಲೆಯೊಳಗೆ ಹೋದರೆ ಗೋಲು, ಅದಕ್ಕೆ ಮೂರು ಅಂಕಗಳ ಬೆಲೆ. ದೂರದಿಂದ ಹೊಡೆದ ಚೆಂಡಿಗೆ ಎರಡು ಅಂಕ ಕೊಡುವ ನಿಯಮ 2025ರಲ್ಲಿ ಜಾರಿಗೆ ಬಂದಿತು. ಕ್ಯಾನವನ್ ಅವರ ಕಾಲದಲ್ಲಿ ಅದು ಇರಲಿಲ್ಲ. ಎದುರಾಳಿಯ ಕಂಬಗಳ ಸಮೀಪ ನಿಂತು ಅಂಕ ಗಳಿಸುವ ಹೊಣೆ ಹೊತ್ತವರನ್ನು ಫಾರ್ವರ್ಡ್ ಎನ್ನುತ್ತಾರೆ. ಕ್ಯಾನವನ್ ಅವರು ಅಂಥ ಫಾರ್ವರ್ಡ್ ಆಗಿದ್ದರು.

ಈ ಆಟವನ್ನು ನಡೆಸುವ ಸಂಸ್ಥೆ ಗೇಲಿಕ್ ಅಥ್ಲೆಟಿಕ್ ಅಸೋಸಿಯೇಷನ್. 1884ರ ನವೆಂಬರ್ 1ರಂದು ಥರ್ಲ್ಸ್ ಎಂಬ ಊರಿನ ಹೋಟೆಲೊಂದರಲ್ಲಿ ಸೇರಿದ ಬೆರಳೆಣಿಕೆಯ ಜನರ ಸಭೆಯಲ್ಲಿ ಇದು ಹುಟ್ಟಿತು. ಇದರ ಮೂಲಪುರುಷರಲ್ಲಿ ಅಗ್ರಗಣ್ಯರಾದ ಮೈಕೆಲ್ ಕ್ಯೂಸಾಕ್ ಸ್ವತಃ ಶಿಕ್ಷಕರು. ಡಬ್ಲಿನ್ ನಗರದಲ್ಲಿ ವಿದ್ಯಾಲಯವೊಂದನ್ನು ನಡೆಸುತ್ತಿದ್ದವರು. ಧರ್ಮಗುರುಗಳಾದ ಆರ್ಚ್‌ಬಿಷಪ್ ಥಾಮಸ್ ಕ್ರೋಕ್ ಇದರ ಪೋಷಕರಾದರು. ಅವರ ಹೆಸರಿನಲ್ಲಿಯೇ ಡಬ್ಲಿನ್ನಿನ ಕ್ರೋಕ್ ಪಾರ್ಕ್ ಮೈದಾನವಿದೆ. ಇಂದು ಅಲ್ಲಿ 82 ಸಾವಿರಕ್ಕೂ ಹೆಚ್ಚು ಜನ ಕೂಡಬಹುದು. ಬ್ರಿಟಿಷರ ಆಳ್ವಿಕೆಯಲ್ಲಿ ತನ್ನ ಭಾಷೆಯನ್ನೂ ಆಟಗಳನ್ನೂ ಕಳೆದುಕೊಳ್ಳುತ್ತಿದ್ದ ಜನಾಂಗವೊಂದು ತನ್ನತನವನ್ನು ಉಳಿಸಿಕೊಳ್ಳಲು ಕಟ್ಟಿದ ಸಂಸ್ಥೆಯಿದು. 1920ರ ನವೆಂಬರ್ 21ರಂದು ಇದೇ ಮೈದಾನದಲ್ಲಿ ಆಟ ನಡೆಯುತ್ತಿದ್ದಾಗ ಸರ್ಕಾರದ ಪಡೆಗಳು ಗುಂಡು ಹಾರಿಸಿದವು. 14 ಮಂದಿ ಮಡಿದರು. ಮೈದಾನದಲ್ಲಿದ್ದ ಆಟಗಾರ ಮೈಕೆಲ್ ಹೋಗನ್ ಅವರಲ್ಲೊಬ್ಬ. ಆದುದರಿಂದ ಅಲ್ಲಿಯ ಜನರಿಗೆ ಈ ಆಟ ಬರಿಯ ಮನರಂಜನೆಯಲ್ಲ.

ಸಂಸ್ಥೆಯ ರಚನೆಯನ್ನು ಗಮನಿಸಬೇಕು. ಒಂದು ಚರ್ಚಿನ ವ್ಯಾಪ್ತಿಗೆ ಒಳಪಟ್ಟ ಊರುಗಳ ಗುಂಪಿಗೆ ಪ್ಯಾರಿಷ್ ಎಂದು ಹೆಸರು. ಸಾಮಾನ್ಯವಾಗಿ ಒಂದು ಪ್ಯಾರಿಷ್‌ಗೆ ಒಂದು ಕ್ಲಬ್. ಹುಡುಗನು ಹುಟ್ಟಿದ ಊರಿನ ಕ್ಲಬ್ಬಿಗೆ ಆಡುತ್ತಾನೆ. ಅಲ್ಲಿ ಮಿಂಚಿದರೆ ತನ್ನ ಕೌಂಟಿಗೆ, ಅಂದರೆ ಜಿಲ್ಲೆಗೆ, ಆಡುತ್ತಾನೆ. ಹೆಚ್ಚಿನ ಹಣ ಕೊಟ್ಟು ಒಬ್ಬನನ್ನು ಬೇರೆ ಜಿಲ್ಲೆಯವರು ಕೊಂಡುಕೊಳ್ಳುವ ಪದ್ಧತಿ ಇಲ್ಲ. ಮೈದಾನವನ್ನು ಸಮತಟ್ಟು ಮಾಡುವುದು, ಬೇಲಿ ಹಾಕುವುದು, ಹುಡುಗರಿಗೆ ಅಭ್ಯಾಸ ಮಾಡಿಸುವುದು, ಚಂದಾ ಎತ್ತುವುದು ಎಲ್ಲವೂ ಬಹುಮಟ್ಟಿಗೆ ಊರವರ ಸೇವೆಯಿಂದಲೇ ನಡೆಯುತ್ತದೆ. ನಮ್ಮ ಭಾಷೆಯಲ್ಲಿ ಇಂಥ ಸೇವೆಗೆ ದಾಸೋಹವೆಂಬ ಹೆಸರಿದೆ. ಅವರ ಭಾಷೆಯಲ್ಲಿ ಹೆಸರು ಬೇರೆಯಿರಬಹುದು, ಕೆಲಸ ಅದೇ. ಮೂವತ್ತೆರಡು ಕೌಂಟಿಗಳ ಆ ನಾಡಿನಲ್ಲಿ ಪ್ರತಿ ವರ್ಷ ಅಖಿಲ ಐರ್ಲೆಂಡ್ ಪ್ರಶಸ್ತಿಗೆ ಸ್ಪರ್ಧೆ ನಡೆಯುತ್ತದೆ. ಗೆದ್ದವರಿಗೆ ಸ್ಯಾಮ್ ಮಗ್ವಾಯರ್ ಹೆಸರಿನ ಬೆಳ್ಳಿಯ ಬಟ್ಟಲು ದೊರೆಯುತ್ತದೆ.

ಕ್ಲಬ್ಬಿಲ್ಲದ ಹುಡುಗ

ಪೀಟರ್ ಕ್ಯಾನವನ್ ಜನಿಸಿದ್ದು 1971ರ ಏಪ್ರಿಲ್ 9ರಂದು, ಉತ್ತರ ಐರ್ಲೆಂಡಿನ ಟಿರೋನ್ ಕೌಂಟಿಯ ಬ್ಯಾಲಿಗಾಲಿ ಎಂಬ ಊರಿನ ಬಳಿ. ಮಕ್ಕಳಿಂದ ತುಂಬಿದ ದೊಡ್ಡ ಕುಟುಂಬ ಅವರದು. ದೇಹ ಚಿಕ್ಕದು, ಎತ್ತರದ ರಕ್ಷಕರ ನಡುವೆ ನಿಂತರೆ ಕಾಣದಂಥ ಆಳು. ಅದು ಶಾಂತಿಯ ಕಾಲವೂ ಆಗಿರಲಿಲ್ಲ. 1960ರ ದಶಕದ ಕೊನೆಯಿಂದ 1998ರ ಒಪ್ಪಂದದವರೆಗೆ ಉತ್ತರ ಐರ್ಲೆಂಡಿನಲ್ಲಿ ಬಾಂಬು, ಗುಂಡು, ಸೈನ್ಯದ ತಪಾಸಣೆಗಳು ದಿನನಿತ್ಯದ ಸಂಗತಿಗಳಾಗಿದ್ದವು. ಅಂಥ ಕಾಲದಲ್ಲಿ ಊರಿನ ಮೈದಾನ ಹುಡುಗರಿಗೆ ಆಶ್ರಯವಾಗಿತ್ತು.

ಆದರೆ ಈ ಹುಡುಗನಿಗೆ ಆ ಆಶ್ರಯವೂ ತಪ್ಪಿತು. ಕಾರಣ ಶತ್ರುಗಳಲ್ಲ, ತನ್ನವರೇ. 1980ರ ದಶಕದ ಆರಂಭದಲ್ಲಿ ಬ್ಯಾಲಿಗಾಲಿಯ ಪ್ಯಾರಿಷ್‌ನಲ್ಲಿ ಆಟದ ವಿಷಯವಾಗಿ ಜಗಳ ಹುಟ್ಟಿತು. ಗ್ಲೆನ್‌ಕಲ್ ಭಾಗದ ಜನ ಮೂಲ ಕ್ಲಬ್ಬಿನಿಂದ ಬೇರೆಯಾದರು. ಬೇರೆಯಾದವರ ಹೊಸ ತಂಡಕ್ಕೆ ಮಾನ್ಯತೆ ಸಿಗಲಿಲ್ಲ. ಒಂದು ಪ್ಯಾರಿಷ್‌ನಲ್ಲಿ ಎರಡು ಕ್ಲಬ್ಬುಗಳು ಬೇಡವೆಂಬುದು ಒಂದು ಪಕ್ಷದ ವಾದ. ನಮ್ಮ ಮಾತಿಗೆ ಬೆಲೆಯಿಲ್ಲದ ಕಡೆ ಇರಲಾರೆವೆಂಬುದು ಇನ್ನೊಂದು ಪಕ್ಷದ ವಾದ. ಹಿರಿಯರ ಹಟ ವರ್ಷಗಟ್ಟಲೆ ಮುಂದುವರೆಯಿತು. ಹೀಗಾಗಿ ಒಂದು ಪೀಳಿಗೆಯ ಹುಡುಗರಿಗೆ ಅಧಿಕೃತವಾಗಿ ಆಡಲು ಕ್ಲಬ್ಬೇ ಇಲ್ಲದಂತಾಯಿತು. ಆ ಹುಡುಗರಲ್ಲಿ ಮುಂದೆ ನಾಡಿನ ಶ್ರೇಷ್ಠ ಆಟಗಾರನಾಗಲಿರುವವನೂ ಇದ್ದ.

ನಿಯಮದಂತೆ ಯಾವುದಾದರೊಂದು ಕ್ಲಬ್ಬಿನ ಸದಸ್ಯನಲ್ಲದವನು ಕೌಂಟಿಗೆ ಆಡುವಂತಿಲ್ಲ. ಟಿರೋನ್‌ನ ಕಿರಿಯರ ತಂಡಕ್ಕೆ ಕ್ಯಾನವನ್ ಬೇಕಾಗಿದ್ದರು; ಆದರೆ ಅವರಿಗೆ ಕ್ಲಬ್ ಇರಲಿಲ್ಲ. ಕೊನೆಗೆ ಒಂದು ಉಪಾಯ ಹುಡುಕಲಾಯಿತು. ಹರ್ಲಿಂಗ್ ಎಂಬುದು ಕೋಲು ಮತ್ತು ಚಿಕ್ಕ ಚೆಂಡಿನಿಂದ ಆಡುವ ಇನ್ನೊಂದು ಐರಿಷ್ ಆಟ. ಅದನ್ನೂ ಇದೇ ಸಂಸ್ಥೆ ನಡೆಸುತ್ತದೆ. ಕಿಲಿಕ್ಲಾಹರ್ ಎಂಬ ಬೇರೊಂದು ಊರಿನ ಕ್ಲಬ್ಬಿನಲ್ಲಿ ಹರ್ಲಿಂಗ್ ಆಟಗಾರನೆಂದು ಅವರ ಹೆಸರನ್ನು ನೋಂದಾಯಿಸಲಾಯಿತು. ಹೀಗೆ ಒಂದು ಆಟದ ಹೆಸರಿನಲ್ಲಿ ಸದಸ್ಯನಾಗಿ ಇನ್ನೊಂದು ಆಟವನ್ನು ತನ್ನ ಜಿಲ್ಲೆಗಾಗಿ ಆಡಬೇಕಾದ ಪರಿಸ್ಥಿತಿ ಅವರದಾಗಿತ್ತು. 1990ರಲ್ಲಿ ಜಗಳ ಬಗೆಹರಿದು, ಎರಡೂ ಪಕ್ಷದವರು ಸೇರಿ ಎರಿಗಲ್ ಕೀರಾನ್ ಎಂಬ ಹೊಸ ಕ್ಲಬ್ಬನ್ನು ಕಟ್ಟಿದರು. ಒಂದಾದವರ ಶಕ್ತಿ ಎಷ್ಟೆಂಬುದು ಬೇಗ ತಿಳಿಯಿತು. ಮೂರೇ ವರ್ಷಗಳಲ್ಲಿ, 1993ರಲ್ಲಿ, ಆ ಕ್ಲಬ್ ಅಲ್‌ಸ್ಟರ್ ಪ್ರಾಂತ್ಯದ ಕ್ಲಬ್ ಪ್ರಶಸ್ತಿಯನ್ನು ಗೆದ್ದಿತು. ಟಿರೋನ್‌ನ ಯಾವ ಕ್ಲಬ್ಬೂ ಅದುವರೆಗೆ ಅದನ್ನು ಗೆದ್ದಿರಲಿಲ್ಲ.

ಸಂಸ್ಥೆಗಳನ್ನು ನಡೆಸುವ ನಾವು ಇಲ್ಲಿ ಕ್ಷಣಕಾಲ ನಿಲ್ಲಬೇಕು. ಆಡಳಿತ ಮಂಡಳಿಗಳಲ್ಲಿ, ಊರಿನ ಪಂಗಡಗಳಲ್ಲಿ ಭಿನ್ನಾಭಿಪ್ರಾಯ ಬರುವುದು ಅಸಹಜವಲ್ಲ. ಎರಡೂ ಪಕ್ಷಗಳಲ್ಲಿ ನ್ಯಾಯವಿರಬಹುದು. ಆದರೆ ಹಿರಿಯರ ವ್ಯಾಜ್ಯ ನಡೆಯುವ ಪ್ರತಿ ವರ್ಷವೂ ಒಂದು ಮಗುವಿನ ಬಾಲ್ಯದ ಒಂದು ವರ್ಷ. ಹಿರಿಯರಿಗೆ ರಾಜಿಯಾಗಲು ನಾಳೆ ಇರುತ್ತದೆ. ಹದಿನಾಲ್ಕರ ಹುಡುಗನಿಗೆ ಹದಿನಾಲ್ಕು ವರ್ಷ ಮತ್ತೆ ಬರುವುದಿಲ್ಲ. ಕ್ಯಾನವನ್ ಅವರಿಗೆ ದಾರಿ ಸಿಕ್ಕಿತು. ಅಷ್ಟು ಪ್ರತಿಭೆಯಿಲ್ಲದ ಸಾಮಾನ್ಯ ಹುಡುಗರಿಗಾಗಿ ಯಾರೂ ಅಂಥ ಉಪಾಯವನ್ನು ಹುಡುಕುವುದಿಲ್ಲ.

ಮೊದಲ ಹನ್ನೆರಡು: 1995

1989ರಲ್ಲಿ ಕ್ಯಾನವನ್ ಟಿರೋನ್‌ನ ಹಿರಿಯರ ತಂಡಕ್ಕೆ ಬಂದರು. 1991 ಮತ್ತು 1992ರಲ್ಲಿ 21 ವರ್ಷದೊಳಗಿನವರ ಅಖಿಲ ಐರ್ಲೆಂಡ್ ಪ್ರಶಸ್ತಿಯನ್ನು ಟಿರೋನ್ ಸತತವಾಗಿ ಗೆದ್ದಾಗ ತಂಡದ ನಾಯಕರು ಅವರೇ. ಎರಡೂ ಕಾಲುಗಳಿಂದ ಸಮಾನ ನಿಖರತೆಯಿಂದ ಒದೆಯುವ ಸಾಮರ್ಥ್ಯ, ಎದುರಾಳಿಯ ಒಂದು ಹೆಜ್ಜೆ ತಪ್ಪುವುದನ್ನೇ ಕಾದು ಅದರ ವಿರುದ್ಧ ದಿಕ್ಕಿಗೆ ತಿರುಗುವ ಚುರುಕು, ಫ್ರೀ ಕಿಕ್ ಹೊಡೆಯುವಾಗಿನ ಶಾಂತಚಿತ್ತ, ಇವು ಅವರ ಬಂಡವಾಳ. ದೇಹಬಲದಲ್ಲಿ ಕಡಿಮೆಯಿದ್ದುದನ್ನು ಸಮಯಪ್ರಜ್ಞೆಯಿಂದ ತುಂಬಿಕೊಂಡವರು ಅವರು. ಅಭಿಮಾನಿಗಳು ರಷ್ಯದ ಚಕ್ರವರ್ತಿಯ ನೆನಪಿನಿಂದ ಅವರನ್ನು ಮಹಾಪೀಟರನೆಂದು ಕರೆದರು.

ಟಿರೋನ್ ಅದುವರೆಗೆ ಒಮ್ಮೆಯೂ ಅಖಿಲ ಐರ್ಲೆಂಡ್ ಹಿರಿಯರ ಪ್ರಶಸ್ತಿಯನ್ನು ಗೆದ್ದಿರಲಿಲ್ಲ. 1986ರಲ್ಲಿ ಅಂತಿಮ ಪಂದ್ಯ ತಲುಪಿ ಕೆರ್ರಿ ಕೌಂಟಿಗೆ ಸೋತಿತ್ತು. 1995ರಲ್ಲಿ ಅಲ್‌ಸ್ಟರ್ ಪ್ರಾಂತ್ಯವನ್ನು ಗೆದ್ದು ಮತ್ತೆ ಅಂತಿಮ ಪಂದ್ಯಕ್ಕೆ ಬಂದಿತು. ಸೆಪ್ಟೆಂಬರ್ 17ರಂದು ಕ್ರೋಕ್ ಪಾರ್ಕಿನಲ್ಲಿ ಎದುರಾಳಿ ರಾಜಧಾನಿಯ ತಂಡವಾದ ಡಬ್ಲಿನ್. ಆ ದಿನ ಟಿರೋನ್ ಗಳಿಸಿದ 12 ಅಂಕಗಳಲ್ಲಿ 11 ಕ್ಯಾನವನ್ ಒಬ್ಬರವೇ. ಡಬ್ಲಿನ್ ತಂಡ ಒಂದು ಗೋಲು, 10 ಅಂಕಗಳನ್ನು ಗಳಿಸಿತು. ಗೋಲಿಗೆ ಮೂರರಂತೆ ಒಟ್ಟು 13. ಟಿರೋನ್ ಒಂದೇ ಒಂದು ಅಂಕದಿಂದ ಸೋತಿತು.

ಆಟದ ಕೊನೆಯ ಗಳಿಗೆಯಲ್ಲಿ ನಡೆದ ಘಟನೆಯನ್ನು ಆ ಜಿಲ್ಲೆಯವರು ಇಂದಿಗೂ ಮರೆತಿಲ್ಲ. ನೆಲಕ್ಕೆ ಬಿದ್ದ ಕ್ಯಾನವನ್ ಚೆಂಡನ್ನು ಸಹ ಆಟಗಾರ ಶಾನ್ ಮೆಕ್‌ಲಾಕ್ಲಿನ್ ಅವರಿಗೆ ತಳ್ಳಿದರು. ಅವರು ಅದನ್ನು ಅಡ್ಡಪಟ್ಟಿಯ ಮೇಲೆ ಹಾಯಿಸಿದರು. ಸಮನಾಯಿತೆಂದು ಟಿರೋನ್ ಜನ ಹಿಗ್ಗಿದರು. ಆದರೆ ನೆಲದ ಮೇಲಿದ್ದ ಚೆಂಡಿಗೆ ಕ್ಯಾನವನ್ ಕೈ ತಾಗಿಸಿದರೆಂದು ರೆಫರಿ ತೀರ್ಪಿತ್ತು ಆ ಅಂಕವನ್ನು ರದ್ದುಪಡಿಸಿದರು. ತೀರ್ಪು ಸರಿಯೋ ತಪ್ಪೋ ಎಂಬ ಚರ್ಚೆ ದಶಕಗಳ ಕಾಲ ನಡೆದಿದೆ. ನಮಗೆ ಆ ಚರ್ಚೆ ಮುಖ್ಯವಲ್ಲ. ಅಂತಿಮ ಪಂದ್ಯದಲ್ಲಿ ಒಬ್ಬನು ಮಾಡಬಹುದಾದುದನ್ನೆಲ್ಲ ಮಾಡಿದ್ದನು. ಆದರೂ ತಂಡ ಸೋತಿತ್ತು. ಆ ವರ್ಷದ ಶ್ರೇಷ್ಠ ಆಟಗಾರನೆಂಬ ಪ್ರಶಸ್ತಿ ಕ್ಯಾನವನ್ ಅವರಿಗೆ ಸಂದಿತು. ಆದರೆ ಬೆಳ್ಳಿಯ ಬಟ್ಟಲು ಡಬ್ಲಿನ್ನಿನಲ್ಲೇ ಉಳಿಯಿತು.

1996ರಲ್ಲಿ ಟಿರೋನ್ ಮತ್ತೆ ಅಲ್‌ಸ್ಟರ್ ಪ್ರಾಂತ್ಯವನ್ನು ಗೆದ್ದು, ಉಪಾಂತ್ಯ ಪಂದ್ಯದಲ್ಲಿ ಮೀಥ್ ಕೌಂಟಿಗೆ ಸೋತಿತು. ಆಮೇಲೆ ದೀರ್ಘಕಾಲದ ಬರ. ಕ್ಯಾನವನ್ ಅವರ ಯೌವನದ ಶ್ರೇಷ್ಠ ವರ್ಷಗಳು ಪ್ರಶಸ್ತಿಯಿಲ್ಲದೆಯೇ ಸರಿದವು. ಆಡಿದರೂ ಬಿಟ್ಟರೂ ಅವರಿಗೆ ಹಣದ ಲಾಭ ನಷ್ಟವಿರಲಿಲ್ಲ. ಆದರೂ ಅವರು ಬಿಡಲಿಲ್ಲ.

ತರಗತಿಯಲ್ಲಿ ಬೆಳೆದ ತಂಡ

ಈ ಬರಗಾಲದಲ್ಲಿಯೇ ಬೀಜಗಳು ಮೊಳೆಯುತ್ತಿದ್ದವು. ಅವು ಮೊಳೆತದ್ದು ಶಾಲೆಗಳಲ್ಲಿ. ಕ್ಯಾನವನ್ ಅವರು ಕುಕ್ಸ್‌ಟೌನ್ ಎಂಬ ಊರಿನ ಹೋಲಿ ಟ್ರಿನಿಟಿ ಕಾಲೇಜು ಎಂಬ ಶಾಲೆಯಲ್ಲಿ ದೈಹಿಕ ಶಿಕ್ಷಣದ ಶಿಕ್ಷಕರಾಗಿದ್ದರು. ಅಲ್ಲಿ ಅವರ ವಿದ್ಯಾರ್ಥಿಗಳಲ್ಲಿ ಓವನ್ ಮುಲ್ಲಿಗನ್ ಎಂಬ ಹುಡುಗನಿದ್ದನು. ಅವನ ಹೆಸರು ಮುಂದೆ ಮತ್ತೆ ಬರಲಿದೆ. ಇತ್ತ ಮಿಕಿ ಹಾರ್ಟ್ ಎಂಬ ಇನ್ನೊಬ್ಬ ಶಿಕ್ಷಕರು ಟಿರೋನ್‌ನ ಕಿರಿಯರ ತಂಡಗಳನ್ನು ತಿದ್ದುತ್ತಿದ್ದರು. ಹಾರ್ಟ್ ಅವರೂ ಅದೇ ಪ್ಯಾರಿಷ್‌ನವರು. ಕ್ಲಬ್ಬಿಲ್ಲದ ಆ ವರ್ಷಗಳ ಕಹಿಯನ್ನು ಗ್ಲೆನ್‌ಕಲ್ ಪಕ್ಷದಲ್ಲಿ ನಿಂತು ಉಂಡವರು. ಅವರ ಮಾರ್ಗದರ್ಶನದಲ್ಲಿ ಟಿರೋನ್ 1998ರಲ್ಲಿ ಕಿರಿಯರ ಪ್ರಶಸ್ತಿಯನ್ನೂ, 2000 ಮತ್ತು 2001ರಲ್ಲಿ 21 ವರ್ಷದೊಳಗಿನವರ ಪ್ರಶಸ್ತಿಯನ್ನೂ ಗೆದ್ದಿತು.

ಈ ಹುಡುಗರು ನಗುನಗುತ್ತ ಬೆಳೆದವರಲ್ಲ. 1997ರಲ್ಲಿ ಕಿರಿಯರ ಪಂದ್ಯವೊಂದರಲ್ಲಿ ಅವರ ಜೊತೆಗಾರ ಪಾಲ್ ಮೆಗರ್ ಗೋಲು ಹೊಡೆಯುವ ಯತ್ನದಲ್ಲಿ ಗಾಯಗೊಂಡು ಅಂದೇ ತೀರಿಕೊಂಡನು. ಆ ದುಃಖದಲ್ಲಿ ಒಂದಾದ ಹುಡುಗರೇ ಮುಂದಿನ ವರ್ಷ ಪ್ರಶಸ್ತಿ ತಂದರು. ಅವರ ನಾಯಕ ಕಾರ್ಮಕ್ ಮೆಕಾನಲೆನ್. ಓದಿನಲ್ಲಿಯೂ ನಡತೆಯಲ್ಲಿಯೂ ಎಲ್ಲರ ಮೆಚ್ಚುಗೆಗೆ ಪಾತ್ರನಾದವನು, ಮುಂದೆ ಅವನೂ ಶಿಕ್ಷಕನೇ ಆದನು. 2002ರ ಕೊನೆಯಲ್ಲಿ ಹಾರ್ಟ್ ಅವರಿಗೆ ಹಿರಿಯರ ತಂಡದ ಹೊಣೆ ಬಂದಿತು. ಅವರೊಡನೆ ಈ ಯುವಕರು ಬಂದರು. 32ರ ಹೊಸ್ತಿಲಲ್ಲಿದ್ದ ಕ್ಯಾನವನ್ ಅವರನ್ನು ನಾಯಕರನ್ನಾಗಿ ಮಾಡಲಾಯಿತು.

ಎರಡನೆಯ ಹನ್ನೆರಡು: 2003

2003ರ ಬೇಸಿಗೆ ಕ್ಯಾನವನ್ ಅವರಿಗೆ ಸುಖದ್ದಾಗಿರಲಿಲ್ಲ. ಆ ಋತುವಿನಲ್ಲಿಯೇ ಅವರ ತಂದೆ ತೀರಿಕೊಂಡರು. ಕೆರ್ರಿಯನ್ನು 13 ಅಂಕಗಳಿಗೆ 6ರಿಂದ ಸೋಲಿಸಿದ ಉಪಾಂತ್ಯ ಪಂದ್ಯದಲ್ಲಿ ಅವರ ಪಾದದ ಕೀಲಿಗೆ ಪೆಟ್ಟಾಗಿ ಮೈದಾನ ಬಿಡಬೇಕಾಯಿತು. ಅಂತಿಮ ಪಂದ್ಯಕ್ಕೆ ಅವರು ಆಡಬಲ್ಲರೇ ಎಂಬುದೇ ಇಡೀ ಜಿಲ್ಲೆಯ ಚಿಂತೆಯಾಯಿತು.

ಸೆಪ್ಟೆಂಬರ್ 28ರ ಆ ಪಂದ್ಯದಲ್ಲಿ ಎದುರಾಳಿ ನೆರೆಯ ಆರ್ಮಾ ಕೌಂಟಿ, ಹಿಂದಿನ ವರ್ಷದ ವಿಜೇತರು. ಒಂದೇ ಪ್ರಾಂತ್ಯದ ಎರಡು ಕೌಂಟಿಗಳು ಫುಟ್‌ಬಾಲಿನ ಅಂತಿಮ ಪಂದ್ಯದಲ್ಲಿ ಎದುರಾದದ್ದು ಅದೇ ಮೊದಲು. ಹಾರ್ಟ್ ಒಂದು ಯೋಜನೆ ಮಾಡಿದರು. ಗಾಯಗೊಂಡ ನಾಯಕರು ಆಟವನ್ನು ಆರಂಭಿಸಬೇಕು; ಕಾಲು ತಡೆದುಕೊಳ್ಳುವಷ್ಟು ಹೊತ್ತು ಆಡಬೇಕು; ಅರ್ಧ ಆಟಕ್ಕೆ ಹೊರಗೆ ಬರಬೇಕು; ಕೊನೆಗೆ ಅವಶ್ಯವಾದಾಗ ಮತ್ತೆ ಒಳಗೆ ಹೋಗಬೇಕು. ಕ್ಯಾನವನ್ ಮೊದಲರ್ಧದಲ್ಲಿ 5 ಅಂಕಗಳನ್ನು ಗಳಿಸಿದರು. ವಿರಾಮದ ನಂತರ ತಂಡ ಅವರಿಲ್ಲದೆಯೇ ಮೈದಾನಕ್ಕೆ ಇಳಿಯಿತು. ಹದಿನಾಲ್ಕು ವರ್ಷ ಯಾವ ಗಳಿಗೆಗಾಗಿ ಕಾದಿದ್ದರೋ ಆ ಗಳಿಗೆಯಲ್ಲಿ ನಾಯಕರು ಹೊರಗೆ ಕುಳಿತು ನೋಡುತ್ತಿದ್ದರು.

ತಂಡ ಕುಸಿಯಲಿಲ್ಲ. ಆರ್ಮಾದ ಸ್ಟೀವನ್ ಮೆಕ್‌ಡೊನೆಲ್ ಗೋಲಿನ ಮುಂದೆ ಒಬ್ಬಂಟಿಯಾಗಿ ಚೆಂಡನ್ನು ಒದೆಯುವ ಕ್ಷಣದಲ್ಲಿ ಟಿರೋನ್‌ನ ಕಾನರ್ ಗೋರ್ಮ್ಲಿ ಎಲ್ಲಿಂದಲೋ ಓಡಿಬಂದು ಮೈಚಾಚಿ ಅಡ್ಡಬಿದ್ದು ಅದನ್ನು ತಡೆದರು. ಅಂಕಪಟ್ಟಿಯಲ್ಲಿ ದಾಖಲಾಗದ ಆ ಒಂದು ಕೆಲಸ ಪಂದ್ಯವನ್ನು ಉಳಿಸಿತು. ಕೊನೆಯ ಹಂತದಲ್ಲಿ ಕ್ಯಾನವನ್ ಮರಳಿ ಬಂದರು. ಆಟ ಮುಗಿದಾಗ ಟಿರೋನ್ 12, ಆರ್ಮಾ 9. ಟಿರೋನ್‌ನ ಚರಿತ್ರೆಯಲ್ಲಿ ಮೊದಲ ಬಾರಿಗೆ ಸ್ಯಾಮ್ ಮಗ್ವಾಯರ್ ಬಟ್ಟಲನ್ನು ಎತ್ತಿಹಿಡಿದ ಕೈಗಳು ಪೀಟರ್ ಕ್ಯಾನವನ್ ಅವರವಾಗಿದ್ದವು.

ಈಗ ಆ ಎರಡು ಹನ್ನೆರಡುಗಳನ್ನು ಪಕ್ಕದಲ್ಲಿಟ್ಟು ನೋಡೋಣ. 1995ರ ಹನ್ನೆರಡರಲ್ಲಿ ಹನ್ನೊಂದು ಒಬ್ಬರದು, ಒಂದು ಉಳಿದವರದು. 2003ರ ಹನ್ನೆರಡರಲ್ಲಿ ಐದು ಅವರದು, ಏಳು ಉಳಿದವರದು. ವೈಯಕ್ತಿಕ ಲೆಕ್ಕದಲ್ಲಿ ಮೊದಲನೆಯದು ಅವರ ಶ್ರೇಷ್ಠ ದಿನ. ಎರಡನೆಯ ದಿನ ಅವರು ಕಡಿಮೆ ಆಡಿದರು, ಕಡಿಮೆ ಗಳಿಸಿದರು, ಬಹಳ ಹೊತ್ತು ಹೊರಗೆ ಕುಳಿತರು. ಆದರೂ ಗೆದ್ದದ್ದು ಅಂದೇ. ಎಂಟು ವರ್ಷಗಳ ಅಂತರದಲ್ಲಿ ಬದಲಾದದ್ದು ಅವರ ಆಟಕ್ಕಿಂತ ಹೆಚ್ಚಾಗಿ ಅವರ ಸುತ್ತಲಿನ ಜನ. ಆ ಜನರಲ್ಲಿ ಅನೇಕರು ಶಾಲೆಯ ಮೈದಾನಗಳಿಂದ, ಕಿರಿಯರ ತಂಡಗಳಿಂದ ಬೆಳೆದುಬಂದವರು. ಬಲಿಷ್ಠನಾದ ಒಬ್ಬನ ಹೆಗಲ ಮೇಲೆ ಎಲ್ಲ ಭಾರವನ್ನೂ ಹೊರಿಸಿದ ಸಂಸ್ಥೆ ಒಂದು ಅಂಕದಿಂದ ಸೋಲುತ್ತದೆ. ಅದೇ ಸಂಸ್ಥೆ ಹಲವರನ್ನು ಬೆಳೆಸಿದಾಗ, ಆ ಬಲಿಷ್ಠನು ಕುಂಟುತ್ತಿರುವಾಗಲೂ ಗೆಲ್ಲುತ್ತದೆ.

ಶಿಷ್ಯನ ಕೈಯಿಂದ ಗುರುವಿಗೆ

ಗೆಲುವಿನ ಸಂತೋಷ ಬಹುಕಾಲ ಉಳಿಯಲಿಲ್ಲ. ಕ್ಯಾನವನ್ ಅವರ ನಂತರ ನಾಯಕನಾದ ಕಾರ್ಮಕ್ ಮೆಕಾನಲೆನ್ 2004ರ ಮಾರ್ಚ್ 2ರಂದು ಹೃದಯದ ತೊಂದರೆಯಿಂದ ನಿದ್ರೆಯಲ್ಲಿಯೇ ಅಸುನೀಗಿದನು. ವಯಸ್ಸು ಕೇವಲ 24. ಆ ವರ್ಷ ಟಿರೋನ್ ಪ್ರಶಸ್ತಿಯನ್ನು ಉಳಿಸಿಕೊಳ್ಳಲಾಗಲಿಲ್ಲ.

2005ರಲ್ಲಿ ಕ್ಯಾನವನ್ ಅವರಿಗೆ 34 ವರ್ಷ. ಪೂರ್ಣ ಆಟಕ್ಕೆ ದೇಹ ಒಪ್ಪುತ್ತಿರಲಿಲ್ಲ. ಬದಲಿ ಆಟಗಾರರಾಗಿ ಒಳಬರುವುದನ್ನು ಅವರು ಅವಮಾನವೆಂದು ಭಾವಿಸಲಿಲ್ಲ. ಆರ್ಮಾ ವಿರುದ್ಧದ ಉಪಾಂತ್ಯ ಪಂದ್ಯದಲ್ಲಿ ಅಂಕಗಳು ಸಮನಾಗಿದ್ದು ಅವಧಿ ಮೀರಿದ್ದಾಗ ದೊರೆತ ಫ್ರೀ ಕಿಕ್ಕನ್ನು ಹೊಡೆಯಲು ಮುಂದೆ ಬಂದವರು ಅವರೇ. ಚೆಂಡು ಕಂಬಗಳ ನಡುವೆ ಹಾದಿತು. ಟಿರೋನ್ ಒಂದು ಅಂಕದಿಂದ ಗೆದ್ದಿತು. ಹತ್ತು ವರ್ಷದ ಹಿಂದೆ ಒಂದು ಅಂಕದಿಂದ ಸೋತವರು ಅದೇ ಮೈದಾನದಲ್ಲಿ ಒಂದು ಅಂಕದಿಂದ ಗೆಲ್ಲಿಸಿಕೊಟ್ಟರು.

ಸೆಪ್ಟೆಂಬರ್ 25ರ ಅಂತಿಮ ಪಂದ್ಯದಲ್ಲಿ ಎದುರಾಳಿ ಕೆರ್ರಿ. ಮೊದಲರ್ಧ ಮುಗಿಯುವ ಹೊತ್ತಿಗೆ ಎತ್ತರದಲ್ಲಿ ಬಂದ ಚೆಂಡನ್ನು ಹಿಡಿದ ಓವನ್ ಮುಲ್ಲಿಗನ್ ತಾನೇ ಹೊಡೆಯಲು ಯತ್ನಿಸದೆ ಪಕ್ಕದಲ್ಲಿ ನುಗ್ಗಿ ಬರುತ್ತಿದ್ದ ಕ್ಯಾನವನ್ ಅವರತ್ತ ಕೈಯಿಂದ ಸಾಗಿಸಿದನು. ಅವರು ಅದನ್ನು ತಗ್ಗಿನಲ್ಲಿ, ಗೋಲಿಯ ಕೈಗೆ ಎಟುಕದಂತೆ ಬಲೆಯ ಮೂಲೆಗೆ ಸೇರಿಸಿದರು. ಕುಕ್ಸ್‌ಟೌನ್ ಶಾಲೆಯ ಮೈದಾನದಲ್ಲಿ ಶಿಕ್ಷಕನು ವಿದ್ಯಾರ್ಥಿಗೆ ಕೊಟ್ಟಿದ್ದು ಕ್ರೋಕ್ ಪಾರ್ಕಿನಲ್ಲಿ ವಿದ್ಯಾರ್ಥಿಯಿಂದ ಶಿಕ್ಷಕನಿಗೆ ಮರಳಿ ಬಂದಿತು. ಟಿರೋನ್ ಒಂದು ಗೋಲು, 16 ಅಂಕ; ಕೆರ್ರಿ ಎರಡು ಗೋಲು, 10 ಅಂಕ. ಮೂರು ಅಂಕಗಳ ಅಂತರದಿಂದ ಎರಡನೆಯ ಪ್ರಶಸ್ತಿ ಬಂದಿತು. ಅದರೊಂದಿಗೆ ಕ್ಯಾನವನ್ ಕೌಂಟಿಯ ಆಟದಿಂದ ನಿವೃತ್ತರಾದರು.

ಇಲ್ಲಿ ಒಂದು ಮಾತನ್ನು ಮುಚ್ಚಿಡುವುದು ಶಿಕ್ಷಕರಿಗೆ ಶೋಭಿಸದು. ಆ ಪಂದ್ಯದ ಕೊನೆಯ ಕ್ಷಣಗಳಲ್ಲಿ ಕೆರ್ರಿಯ ಪ್ರತಿಭಾವಂತ ಫಾರ್ವರ್ಡ್ ಕೋಲ್ಮ್ ಕೂಪರ್ ಚೆಂಡಿನತ್ತ ಓಡುತ್ತಿದ್ದಾಗ ಕ್ಯಾನವನ್ ಅವರನ್ನು ತಬ್ಬಿ ಹಿಡಿದು ತಡೆದರು. ಅದು ನಿಯಮಕ್ಕೆ ವಿರುದ್ಧ. ಗೆಲುವಿಗಾಗಿ ಅನುಭವಿಗಳು ಮಾಡುವ ಜಾಣತನವೆಂದು ಕೆಲವರು ಅದನ್ನು ಸಮರ್ಥಿಸಿದ್ದಾರೆ, ಇತರರು ಟೀಕಿಸಿದ್ದಾರೆ. ಹುಡುಗರಿಗೆ ಈ ಜೀವನವನ್ನು ಹೇಳುವಾಗ ಈ ಘಟನೆಯನ್ನೂ ಹೇಳಬೇಕು. 1995ರಲ್ಲಿ ಕೈ ತಾಗಿತೆಂಬ ಸಂಶಯಕ್ಕೆ ಸಿಕ್ಕಿ ಸೋತವರು 2005ರಲ್ಲಿ ಸಂಶಯಕ್ಕೆಡೆಯಿಲ್ಲದ ತಪ್ಪನ್ನು ಮಾಡಿ ಗೆದ್ದ ತಂಡದಲ್ಲಿದ್ದರು. ಇದು ನ್ಯಾಯವೇ ಎಂದು ತರಗತಿಯಲ್ಲಿ ಕೇಳಬೇಕು, ಮಕ್ಕಳು ಉತ್ತರಿಸಬೇಕು. ದೋಷವಿಲ್ಲದವರೆಂದು ಚಿತ್ರಿಸಿದ ಮಹಾಪುರುಷರಿಂದ ಮಕ್ಕಳು ಕಲಿಯುವುದು ಕಡಿಮೆ.

ಫಲ

1989ರಿಂದ 2005ರವರೆಗಿನ ಅವಧಿಯಲ್ಲಿ ಕ್ಯಾನವನ್ ಅವರು ಚಾಂಪಿಯನ್‌ಷಿಪ್ ಪಂದ್ಯಗಳಲ್ಲಿ ಗೋಲುಗಳನ್ನೂ ಸೇರಿಸಿ ಒಟ್ಟು 218 ಅಂಕಗಳನ್ನು ಗಳಿಸಿದರು. ಎರಡು ಅಖಿಲ ಐರ್ಲೆಂಡ್ ಪ್ರಶಸ್ತಿ, ನಾಲ್ಕು ಅಲ್‌ಸ್ಟರ್ ಪ್ರಶಸ್ತಿ, ಎರಡು ರಾಷ್ಟ್ರೀಯ ಲೀಗ್ ಪ್ರಶಸ್ತಿ ಅವರ ಪಾಲಿಗೆ ಬಂದವು. ವರ್ಷದ ಶ್ರೇಷ್ಠ ಹದಿನೈದು ಆಟಗಾರರಿಗೆ ಕೊಡುವ ಆಲ್ ಸ್ಟಾರ್ ಗೌರವ ಆರು ಸಲ ಸಂದಿತು. ನಿವೃತ್ತಿಯ ನಂತರ ಫರ್ಮಾನಾ ಕೌಂಟಿಯ ತಂಡಕ್ಕೆ ಮಾರ್ಗದರ್ಶಕರಾಗಿದ್ದರು. ಆಟದ ವಿಶ್ಲೇಷಕರಾಗಿಯೂ ಹೆಸರು ಮಾಡಿದರು.

ಇದಕ್ಕಿಂತ ದೊಡ್ಡ ಫಲ ಬೇರೆಯಿದೆ. ಅವರ ಮಕ್ಕಳಾದ ಡಾರಾ ಮತ್ತು ರೂರಿ ಇಬ್ಬರೂ ಫಾರ್ವರ್ಡ್ ಆಟಗಾರರಾಗಿ ಬೆಳೆದರು. 2021ರಲ್ಲಿ ಟಿರೋನ್ ನಾಲ್ಕನೆಯ ಬಾರಿಗೆ ಅಖಿಲ ಐರ್ಲೆಂಡ್ ಪ್ರಶಸ್ತಿ ಗೆದ್ದಾಗ ಡಾರಾ ಆ ತಂಡದಲ್ಲಿದ್ದನು. 2024ರ ಡಿಸೆಂಬರಿನಲ್ಲಿ ಎರಿಗಲ್ ಕೀರಾನ್ ಕ್ಲಬ್ ಮತ್ತೊಮ್ಮೆ ಅಲ್‌ಸ್ಟರ್ ಕ್ಲಬ್ ಪ್ರಶಸ್ತಿಯನ್ನು ಗೆದ್ದಿತು. ಅಣ್ಣತಮ್ಮಂದಿರಿಬ್ಬರೂ ಅದರಲ್ಲಿ ಆಡಿದರು. ಮರುತಿಂಗಳು ಅಖಿಲ ಐರ್ಲೆಂಡ್ ಕ್ಲಬ್ ಅಂತಿಮ ಪಂದ್ಯದಲ್ಲಿ ಡಬ್ಲಿನ್ನಿನ ಕ್ವಾಲಾ ಕ್ಲಬ್ಬಿಗೆ ಸೋತಿತಾದರೂ, ತಂದೆಗೆ ಬಾಲ್ಯದಲ್ಲಿ ಇಲ್ಲದಿದ್ದ ಕ್ಲಬ್ ಮಕ್ಕಳಿಗೆ ಹುಟ್ಟಿನಿಂದಲೇ ದೊರೆತಿತ್ತೆಂಬುದು ಸಣ್ಣ ಮಾತಲ್ಲ. 1990ರಲ್ಲಿ ಹಟ ಬಿಟ್ಟು ಒಂದಾದ ಹಿರಿಯರು ನೆಟ್ಟ ಸಸಿಯ ಹಣ್ಣು ಅದು.

ಉಪಸಂಹಾರ

ಈ ಜೀವನದಿಂದ ನಮ್ಮ ಶಾಲೆಗಳು ಗ್ರಹಿಸಬೇಕಾದ ಅಂಶಗಳು ಹಲವು. ಶಿಕ್ಷಕ ಬಂಧುಗಳಲ್ಲಿ ಒಂದು ವಿಜ್ಞಾಪನೆ. ಎಸ್.ಎಸ್.ಎಲ್.ಸಿ. ಪರೀಕ್ಷೆ ಸಮೀಪಿಸಿದಾಗ ವೇಳಾಪಟ್ಟಿಯಿಂದ ಮೊದಲು ಕಾಣೆಯಾಗುವುದು ಆಟದ ಅವಧಿ. ಆ ಅವಧಿಯನ್ನು ಗಣಿತಕ್ಕೆ ಕೊಟ್ಟು ನಾವು ಮಕ್ಕಳಿಗೆ ಉಪಕಾರ ಮಾಡಿದೆವೆಂದು ಭಾವಿಸುತ್ತೇವೆ. ತನ್ನ ಕೈಗೆ ಬಂದ ಚೆಂಡನ್ನು ಇನ್ನೊಬ್ಬನಿಗೆ ಕೊಡುವುದನ್ನು ಯಾವ ಗಣಿತವೂ ಕಲಿಸಲಾರದು. ಮುಲ್ಲಿಗನ್ ಅದನ್ನು ಕಲಿತದ್ದು ಆಟದ ಬಯಲಿನಲ್ಲಿ.

ಹಿರಿಯ ವಿದ್ಯಾರ್ಥಿಗಳಲ್ಲಿ ಇನ್ನೊಂದು ವಿಜ್ಞಾಪನೆ. ಕ್ಯಾನವನ್ ಅವರಿಗೆ ತಮ್ಮ ಊರು ಕೊಟ್ಟಿದ್ದು ಮೈದಾನ, ಹೆಸರು ಮತ್ತು ಕೆಲವು ವರ್ಷಗಳ ಕಷ್ಟ. ಅವರು ಮರಳಿ ಕೊಟ್ಟಿದ್ದು ಹದಿನಾರು ವರ್ಷಗಳ ಸೇವೆ. ಅದಕ್ಕೆ ಅವರು ವೇತನ ಪಡೆಯಲಿಲ್ಲ. ಕಾಯಕವೆಂದರೆ ಪ್ರತಿಫಲದ ಲೆಕ್ಕವನ್ನು ಮುಂದಿಟ್ಟುಕೊಳ್ಳದ ಕರ್ತವ್ಯವೆಂದು ಶರಣರ ನಾಡಿನಲ್ಲಿ ಬೆಳೆದ ನಮಗೆ ಯಾರೂ ವಿವರಿಸಬೇಕಾಗಿಲ್ಲ. ಆದರೆ ಕಡಲಾಚೆಯ ಶಿಕ್ಷಕರೊಬ್ಬರು ಅದನ್ನು ಬಾಳಿ ತೋರಿಸಿದಾಗ ನಮ್ಮ ಮಾತಿಗೂ ನಮ್ಮ ನಡೆಗೂ ಇರುವ ಅಂತರವನ್ನು ಅಳೆದುಕೊಳ್ಳುವ ಅವಕಾಶ ಒದಗುತ್ತದೆ.

ದಾನಿಗಳಲ್ಲಿ ಕಡೆಯ ಮಾತು. ಕಟ್ಟಡಕ್ಕೆ ಕೊಟ್ಟ ದಾನ ಕಲ್ಲಿನ ಫಲಕದಲ್ಲಿ ಉಳಿಯುತ್ತದೆ. ಬಯಲಿಗೆ ಕೊಟ್ಟ ದಾನಕ್ಕೆ ಅಂಥ ಫಲಕವಿರುವುದಿಲ್ಲ. ಆದರೆ ಎಂದೋ ಒಂದು ದಿನ, ಎಲ್ಲಿಯೋ ಒಂದು ಕಡೆ, ಆ ಬಯಲಿನಲ್ಲಿ ಬೆಳೆದವನೊಬ್ಬನು ತಾನು ಮುಂದೆ ನುಗ್ಗಬಹುದಾದ ಗಳಿಗೆಯಲ್ಲಿ ಪಕ್ಕದವನನ್ನು ನೋಡಿ ಚೆಂಡನ್ನು ಅವನ ಕೈಗೆ ಕೊಡುತ್ತಾನೆ. ಆ ದಾನ ಫಲಿಸಿತೆಂದು ಆಗ ತಿಳಿಯಬೇಕು.